ನಿಮಿಷಕ್ಕೆ 50 ಹನಿ

ನಿನ್ನೆ ಬೆಳಿಗ್ಗೆ ನಮ್ಮಪ್ಪ ಬದುವಿನ ಮೇಲೆ ನಡೆದು ಹೋಗಿ ಗದ್ದೆಗೆ ನೀರು ಕಟ್ಟಿ ಬಂದರು. ಕಾಲಿಗೆ ಗಂಬೂಟು. "ಈ ವಯಸ್ಸಲ್ಲಿ ನನಗೆ ಪೊಲೀಸಿನೋರ ಹಂಗೆ ಬೂಟು ಬೇಕಿತ್ತಾ" ಎಂದು ಗೊಣಗುತ್ತಲೇ ಹಾಕಿಕೊಂಡರು. ಐದು ವಾರದ ಹಿಂದೆ ಆ ಕಾಲನ್ನು ಮಂಚದಿಂದ ಇಳಿಸುವುದಕ್ಕೂ ಆಗುತ್ತಿರಲಿಲ್ಲ. ದಾವಣಗೆರೆಯ ಆಸ್ಪತ್ರೆಯಲ್ಲಿ 11 ದಿನ ನಮ್ಮನ್ನು ನೋಡಿಕೊಂಡವರಿಗೆ ಸರಿಯಾಗಿ ಒಂದು ಮಾತೂ ಹೇಳದೆ ಬಸ್ ಹತ್ತಿಬಿಟ್ಟಿದ್ದೆ. ಆ ಬಾಕಿ ತೀರಿಸಲು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಲೇಬೆನ್ನೂರು ಕಡೆ. ಭದ್ರಾ ನಾಲೆಗೆ ನೀರು ಬಿಟ್ಟರೆ ನಾಟಿ. ನಾಟಿ ಅಂದರೆ ಕೆಸರು, ಕೆಸರು ಅಂದರೆ ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಅದನ್ನು ಇಲ್ಲಿ ಯಾರೂ ಕಾಯಿಲೆಯ ಲೆಕ್ಕಕ್ಕೇ ಇಡುವುದಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಆ ಸಣ್ಣ ಬಿರುಕಿನಿಂದಲೇ ಸೋಂಕು ಒಳಗೆ ಹೋಗಿತ್ತು. ಪಾದ ಕೆಂಪಾಯಿತು, ಊದಿತು, ಮುಟ್ಟಿದರೆ ಸುಡುತ್ತಿತ್ತು, ಚಳಿಜ್ವರ ಬಂತು. ಮೂರು ದಿನ ಬರೀ ನೋವಿನ ಮಾತ್ರೆಯಲ್ಲಿ ದೂಡಿದೆವು. ಆ ಮೂರು ದಿನದ ತಪ್ಪು ನನ್ನದೇ.

ಡಾಕ್ಟರ್ ನೋಡಿದ ಕೂಡಲೇ ಸೆಲ್ಯುಲೈಟಿಸ್, ಅಂದರೆ ಚರ್ಮದಡಿಯ ಸೋಂಕು ಅಂದರು. ಕೆಂಪು ಎಲ್ಲಿಯವರೆಗೆ ಬಂದಿದೆಯೋ ಅದರ ಸುತ್ತ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದರು, ಪಕ್ಕದಲ್ಲಿ ತಾರೀಖು, ಸಮಯ. "ಮೊದಲ ದಿನ ಗೆರೆ ಸ್ವಲ್ಪ ದಾಟಬಹುದು, ಗಾಬರಿ ಆಗಬೇಡಿ. ಆಮೇಲೂ ದಾಟುತ್ತಿದ್ದರೆ ಹೇಳಿ" ಅಂದರು. ಅದು ದಾಟುತ್ತಲೇ ಹೋಯಿತು. ಕಣಕಾಲಿನ ಹತ್ತಿರ ಕೀವು ಕಟ್ಟಿತ್ತು. ಕೊಯ್ದು ಕೀವು ತೆಗೆದು, ಯಾವ ರೋಗಾಣು ಎಂದು ತಿಳಿಯಲು ಅದನ್ನೇ ಕಲ್ಚರ್ ಪರೀಕ್ಷೆಗೆ ಕಳಿಸಿದರು. ಮೂರನೇ ದಿನ ರಿಪೋರ್ಟ್ ಬಂತು. ಎಂಆರ್‌ಎಸ್‌ಎ. ಮೊದಲು ಕೊಡುತ್ತಿದ್ದ ಇಂಜೆಕ್ಷನ್ನಿಗೆ ಬಗ್ಗದ ಜಾತಿಯ ಬ್ಯಾಕ್ಟೀರಿಯಾ. ವ್ಯಾಂಕೋಮೈಸಿನ್ ಎಂಬ ಆಂಟಿಬಯೋಟಿಕ್ ಶುರು ಮಾಡಿದರು.

ಮಾತ್ರೆ ಕೊಟ್ಟರೆ ಆಗಲ್ವಾ ಎಂದು ಕೇಳಿದೆ. ಈ ಔಷಧಿ ಬಾಯಿಂದ ಕೊಟ್ಟರೆ ಕರುಳಲ್ಲೇ ಉಳಿಯುತ್ತದಂತೆ, ರಕ್ತಕ್ಕೆ ಸೇರುವುದಿಲ್ಲವಂತೆ. ಕಾಲಿಗೆ ತಲುಪಬೇಕೆಂದರೆ ರಕ್ತನಾಳದ ದಾರಿಯೇ ಗತಿ. ಅಪ್ಪನನ್ನು ಒಂಟಿ ಕಾಲಲ್ಲಿ ತೂಕದ ಯಂತ್ರದ ಮೇಲೆ ನಿಲ್ಲಿಸಿದರು, 58 ಕಿಲೋ. ತೂಕ ಮತ್ತು ಕಿಡ್ನಿ ನೋಡಿ ಡೋಸು. ನಮಗೆ ಬಂದದ್ದು 12 ಗಂಟೆಗೊಮ್ಮೆ 1 ಗ್ರಾಂ.

ಈಗ ರಾತ್ರಿ ಪಾಳಿಯ ಸಿಸ್ಟರ್ ವಿಷಯ. ಈ ಬರಹ ಮುಖ್ಯವಾಗಿ ಅವರಿಗೆ.

ಅವರು ಬಾಟಲ್ ತೂಗುಹಾಕಿ, ಕೈಗಡಿಯಾರ ನೋಡುತ್ತಾ ಹನಿ ಎಣಿಸುತ್ತಿದ್ದರು. ಆ ಲೆಕ್ಕವನ್ನು ನನಗೂ ಹೇಳಿಕೊಟ್ಟರು. ಈ ಔಷಧಿ ನಿಮಿಷಕ್ಕೆ 10 ಮಿಲಿಗ್ರಾಂಗಿಂತ ಜಾಸ್ತಿ ಹೋಗಬಾರದು. 1 ಗ್ರಾಂ ಅಂದರೆ 100 ನಿಮಿಷ. 250 ಎಂಎಲ್ ಸಲೈನ್, ಆ ಡ್ರಿಪ್ ಸೆಟ್ಟಿನಲ್ಲಿ ಎಂಎಲ್‌ಗೆ 20 ಹನಿ. ಒಟ್ಟು 5,000 ಹನಿ. ನಿಮಿಷಕ್ಕೆ 50. "ಅಣ್ಣಾ, ಗಾಲಿ ಮಾತ್ರ ಮುಟ್ಟಬೇಡಿ" ಎಂದು ಹೇಳಿಯೇ ಹೋಗಿದ್ದರು.

ನಾನು ಮುಟ್ಟಿದೆ. ಈ ಔಷಧಿ ಶುರುವಾದ ಎರಡನೇ ರಾತ್ರಿ, ಹನ್ನೊಂದು ಗಂಟೆ ಹೊತ್ತಿಗೆ. ನಿದ್ದೆ ಇರಲಿಲ್ಲ, ಹೊರಗೆ ಹೋಗಿ ಒಂದು ಚಹಾ ಕುಡಿದರೆ ಸಾಕಾಗಿತ್ತು. ಬೇಗ ಮುಗಿಯಲಿ ಎಂದು ಪೈಪಿನ ಆ ಪುಟ್ಟ ಗಾಲಿಯನ್ನು ಸುಮ್ನೆ ಸ್ವಲ್ಪ ಮೇಲಕ್ಕೆ ತಿರುಗಿಸಿದೆ. ಹತ್ತು ನಿಮಿಷವೂ ಆಗಿರಲಿಲ್ಲ. "ಯಾಕೋ ತಮ್ಮಾ, ಮುಖ ಎಲ್ಲಾ ಉರಿತೈತೆ" ಅಂದರು ಅಪ್ಪ. ನೋಡಿದರೆ ಮುಖ, ಕತ್ತು, ಎದೆ ಎಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪು. ತಲೆ ಪರಪರ ಕೆರೆದುಕೊಳ್ಳುತ್ತಿದ್ದರು. ನನ್ನ ಕೈಕಾಲು ತಣ್ಣಗಾದವು.

ಸಿಸ್ಟರ್ ಓಡಿ ಬಂದು ಮೊದಲು ಡ್ರಿಪ್ ನಿಲ್ಲಿಸಿದರು. ಬಿಪಿ ನೋಡಿದರು. ಉಸಿರು ಕಟ್ಟುತ್ತಿದೆಯಾ, ತುಟಿ ಊದಿದೆಯಾ, ಗಂಟಲು ಬಿಗಿಯುತ್ತಿದೆಯಾ ಎಂದು ಒಂದೊಂದೇ ಕೇಳಿದರು. ಡ್ಯೂಟಿ ಡಾಕ್ಟರ್ ಬಂದು ಅಲರ್ಜಿಗೆ ಕೊಡುವ ಎವಿಲ್ ಇಂಜೆಕ್ಷನ್ ಕೊಡಿಸಿದರು. ವ್ಯಾಂಕೋಮೈಸಿನ್ ವೇಗವಾಗಿ ಹೋದರೆ ಮೈಯಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಹೀಗೆ ಆಗುತ್ತದಂತೆ. ಹೆಚ್ಚಾಗಿ ಇದು ನಿಜವಾದ ಅಲರ್ಜಿಯಲ್ಲ, ವೇಗದ ತೊಂದರೆ. ಆದರೆ ಬಿಪಿ ಬೀಳಲೂಬಹುದು, ಹಾಗಾಗಿ ಸಲೀಸಾಗಿ ತೆಗೆದುಕೊಳ್ಳುವಂಥದ್ದಲ್ಲ. ಕೆಂಪು ಇಳಿದ ಮೇಲೆ ಉಳಿದದ್ದನ್ನು ಅರ್ಧ ವೇಗದಲ್ಲಿ ಕೊಟ್ಟರು.

"ಗಾಲಿ ತಿರುಗಿಸಿದ್ದು ನಾನೇ" ಎಂದು ಒಪ್ಪಿಕೊಂಡೆ. ಸಿಸ್ಟರ್ ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಇಲ್ಲಾಂದ್ರೆ ಇವರಿಗೆ ಅಲರ್ಜಿ ಅಂತ ಬರೆದು, ಹಿಡಿದಿರೋ ಔಷಧಿನೇ ಬಿಡಬೇಕಾಗ್ತಿತ್ತು" ಅಂದರು. ಆಮೇಲೆ ಅವರ ಪಾಳಿ ಮುಗಿಯುವವರೆಗೂ ಅವರ ಮುಖ ನೋಡಲು ನನಗೆ ಆಗಲಿಲ್ಲ. ಸಿಸ್ಟರ್, ಆ ರಾತ್ರಿ ಹೇಳಬೇಕಿದ್ದ ಮಾತು ಈಗ ಹೇಳುತ್ತಿದ್ದೇನೆ. ನೀವು ಇದ್ದಿರಿ, ನಮ್ಮಪ್ಪ ಉಳಿದರು.

ಕಿಡ್ನಿ ಕಾಯ್ದವರಿಗೂ ಒಂದು ನಮಸ್ಕಾರ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ಆಗಾಗ ನೋಡುತ್ತಿದ್ದರು. 1.0 ಇದ್ದದ್ದು 1.4 ಆಯಿತು. "ಏನಾದ್ರೂ ಮಾತ್ರೆ ತಗೋತಿದೀರಾ?" ಎಂದು ಡಾಕ್ಟರ್ ಕೇಳಿದರೆ ಅಪ್ಪ ಇಲ್ಲ ಅಂದರು. ಅವ್ವ ಮಾತಾಡದೆ ದಿಂಬಿನ ಕೆಳಗೆ ಕೈ ಹಾಕಿ ಊರಿಂದ ತಂದಿದ್ದ ನೋವಿನ ಮಾತ್ರೆಯ ಪಟ್ಟಿ ತೆಗೆದಿಟ್ಟಳು. ಈ ಔಷಧಿ, ಆ ಮಾತ್ರೆ ಎರಡೂ ಸೇರಿದರೆ ಕಿಡ್ನಿಗೆ ಹೊರೆ. ಮಾತ್ರೆ ಕಸದ ಬುಟ್ಟಿಗೆ ಹೋಯಿತು. ಮುಂದಿನ ಡೋಸಿಗೆ ಮುಂಚೆ ರಕ್ತ ತೆಗೆದು, ಔಷಧಿ ಮೈಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿ, ಡೋಸು ಇಳಿಸಿದರು. ಬಿಡುಗಡೆ ದಿನ 1.1 ಇತ್ತು. ಕಿವಿಯಲ್ಲಿ ಗುಂಯ್ ಅನ್ನುತ್ತಾ ಎಂದೂ ದಿನಾ ಕೇಳುತ್ತಿದ್ದರು. "ನನ್ನ ಹೆಂಡತಿ ಮಾತು ಬಿಟ್ರೆ ಬೇರೇನೂ ಕೇಳಲ್ಲ" ಎಂಬುದು ಅಪ್ಪನ ಉತ್ತರ.

ಸೂಜಿ ಚುಚ್ಚಿದ ಜಾಗ ಒಮ್ಮೆ ಕೆಂಪಾಗಿ ಗಟ್ಟಿಯಾಯಿತು. ತಕ್ಷಣ ತೆಗೆದು ಇನ್ನೊಂದು ಕೈಗೆ ಹಾಕಿದರು. ಕಾಲನ್ನು ಎರಡು ದಿಂಬಿನ ಮೇಲೆ ಎತ್ತಿಡಿಸಿದ ಆಯಾ ಅಮ್ಮನನ್ನೂ ಮರೆಯಲ್ಲ.

ಹೌಸ್ ಸರ್ಜನ್ ಹುಡುಗನೊಬ್ಬ ಅಪ್ಪನಿಗೆ ಕಥೆ ಹೇಳುತ್ತಿದ್ದ. ಈ ಔಷಧಿ ಸಿಕ್ಕಿದ್ದು ಬೋರ್ನಿಯೋ ದ್ವೀಪದ ಕಾಡಿನ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ. 1958ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಸಿಕ್ಕಿತು. ಆಗ ಪೂರ್ತಿ ಶುದ್ಧ ಮಾಡಲು ಆಗದೆ ಕಂದು ಬಣ್ಣ ಇರುತ್ತಿತ್ತು. ಅದಕ್ಕೇ ಮಿಸಿಸಿಪ್ಪಿ ಕೆಸರು ಎಂದು ಅಡ್ಡಹೆಸರು. ಅಪ್ಪ ಬಹಳ ಹೊತ್ತು ಬಾಟಲ್ ನೋಡಿದರು. "ನಮ್ಮ ಕೆಸರು ಕೆಡಿಸ್ತು, ಯಾರದೋ ಕೆಸರು ಕಾಯ್ತು" ಅಂದರು. ಇವತ್ತಿಗೂ ಮನೆಗೆ ಬಂದವರಿಗೆಲ್ಲ ಇದನ್ನೇ ಹೇಳುತ್ತಾರೆ. ಬೋರ್ನಿಯೋ ಅನ್ನಲು ಬಾರದೆ ಬಳ್ಳಾರಿ ಅಂತಾರೆ, ನಾವ್ಯಾರೂ ತಿದ್ದಿಲ್ಲ.

ಕಡೆಗೆ ಕಲ್ಚರ್ ರಿಪೋರ್ಟ್ ನೋಡಿ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದು ಮನೆಗೆ ಕಳಿಸಿದರು. ಕಾಲಿನ ಊತ ಇಳಿದಿತ್ತು, ಆದರೂ ಕೊನೆ ಮಾತ್ರೆಯವರೆಗೂ ಅವ್ವ ಬಿಡಲಿಲ್ಲ. ಬೆರಳ ಸಂದಿಗೆ ಮುಲಾಮು ಹಚ್ಚಿ ಒಣಗಿಸುವ ಕೆಲಸ ಈಗ ಮೊಮ್ಮಗಳದು.

ಪಕ್ಕದ ಮಂಚದ ಜಗಳೂರಿನ ಅಣ್ಣಾ, ಹನ್ನೊಂದು ದಿನವೂ ನಿಮ್ಮ ಮನೆ ರೊಟ್ಟಿ ತಿಂದೆವು. ನಿಮ್ಮ ಸ್ಟೀಲ್ ಕ್ಯಾರಿಯರ್ ನಮ್ಮ ಚೀಲದಲ್ಲೇ ಬಂದುಬಿಟ್ಟಿದೆ. ಡ್ರೆಸ್ಸಿಂಗಿಗೆ ದಾವಣಗೆರೆಗೆ ಯಾವತ್ತು ಬರುತ್ತೀರಿ ಹೇಳಿ, ಹೊಸ ಅಕ್ಕಿ ತುಂಬಿಸಿಕೊಂಡು ತರುತ್ತೇನೆ.