ಕೆಜಿಎಫ್‌ನ ಬುದ್ಧನ ಹಾಡು ಯಾರ ಲೆಕ್ಕಕ್ಕೆ?

ಸಂಪಾದಕರಿಗೆ,

ಬುದ್ಧ ಪೂರ್ಣಿಮೆ ಬಂತು ಅಂದರೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಎರಡು ಫೋಟೊ ಖಾಯಂ. ಒಂದು ಸನ್ನತಿ ಪಕ್ಕದ ಕನಗನಹಳ್ಳಿಯ ಅಶೋಕನ ಶಿಲ್ಪ, ಇನ್ನೊಂದು ಮಂಗಳೂರು ಕದ್ರಿಯ ಲೋಕೇಶ್ವರ. ಬರಲಿ, ಬೇಡ ಅನ್ನಲ್ಲ. ಕದ್ರಿಯದು 968ರ ವಿಗ್ರಹ, ಸಾವಿರ ವರ್ಷ ದಾಟಿ ಗಟ್ಟಿಯಾಗಿ ಕೂತಿದೆ. ಈ ವರ್ಷ ಹೋಗೋಕೆ ಆಗದಿದ್ದರೆ ಮುಂದಿನ ವರ್ಷ ಹೋಗಿ ನೋಡಬಹುದು. ನಾನು ಬರೆಯುತ್ತಿರುವುದು ಅಷ್ಟು ದಿನ ಕಾಯದ ಒಂದು ವಿಷಯ. ನಮ್ಮೂರು ಕೆಜಿಎಫ್‌ನಲ್ಲಿ ಕೆಲವು ಅಜ್ಜ ಅಜ್ಜಿಯರ ಗಂಟಲಲ್ಲಿ ಮಾತ್ರ ಉಳಿದಿರುವ ಬುದ್ಧನ ಹಾಡುಗಳು.

ನಾನು ಇಲ್ಲಿ ಕನ್ನಡ ಮೇಷ್ಟ್ರಾಗಿದ್ದವನು, ಈಗ ನಿವೃತ್ತ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಅಂತ ಬೆಳೆದ ಮಕ್ಕಳಿಗೆ ಒತ್ತಕ್ಷರ ತಿದ್ದಿ ತಿದ್ದಿಯೇ ಕೂದಲು ನೆರೆಯಿತು. ಎಷ್ಟೋ ಮಕ್ಕಳ ಮನೆ ಗೋಡೆಯಲ್ಲಿ ಬುದ್ಧನ ಪಟ ನೋಡಿದ್ದೆ. ಬೌದ್ಧ ಧರ್ಮ ಅಂದರೆ 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ತಗೊಂಡ ಮೇಲೆ ಬಂದದ್ದು ಅಂತಲೇ ನಾನೂ ತಿಳಿದಿದ್ದೆ. ಒಂದು ಸಲ ತರಗತಿಯಲ್ಲಿ ಹಾಗೇ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, 'ಇಲ್ಲ ಸಾರ್, ನಮ್ಮ ತಾತನ ಅಪ್ಪನೇ ಬೌದ್ಧ' ಅಂದ. ಸುಮ್ನೆ ಕೂತ್ಕೋ ಅಂದೆ. ಅವನು ಹೇಳಿದ್ದೇ ಸರಿ ಅಂತ ಗೊತ್ತಾಗೋಕೆ ನನಗೆ ಬಹಳ ವರ್ಷ ಬೇಕಾಯಿತು.

ಕಥೆ ಹೀಗಿದೆ. ಮದರಾಸಿನಲ್ಲಿ ಅಯೋತ್ತಿ ದಾಸ ಪಂಡಿತರು ಅಂತ ಒಬ್ಬ ದಲಿತ ಸಿದ್ಧ ವೈದ್ಯರಿದ್ದರು. 1845ರಲ್ಲಿ ಹುಟ್ಟಿದವರು. 1898ರಲ್ಲಿ ಥಿಯಸಾಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ಜೊತೆ ಸಿಲೋನಿಗೆ ಹೋಗಿ ಪಂಚಶೀಲ, ಅಂದರೆ ಬೌದ್ಧರ ಐದು ಶೀಲಗಳ ದೀಕ್ಷೆ, ತಗೊಂಡು ಬಂದು ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ನಾವು ಯಾರಿಗೂ ಕೀಳಲ್ಲ, ಜಾತಿ ಒಪ್ಪದ ಹಳೆಯ ಬೌದ್ಧರು ನಾವು, ಅದಕ್ಕೇ ನಮ್ಮನ್ನು ಊರಾಚೆ ಇಟ್ಟರು ಅನ್ನುವುದು ಅವರ ವಾದ. ಈ ಮಾತು ಮದರಾಸಿಗಿಂತ ಜಾಸ್ತಿ ಬೇರು ಬಿಟ್ಟದ್ದು ಇಲ್ಲಿ ಅಂತ ನನಗನ್ನಿಸುತ್ತೆ. ಉತ್ತರ ಆರ್ಕಾಟಿನ ಕಡೆಯಿಂದ ಚಿನ್ನದ ಗಣಿಗೆ ಬಂದ ದಲಿತ ಕೂಲಿಗಳು ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್‌ನಲ್ಲಿ ಸಂಘದ ಶಾಖೆ ಕಟ್ಟಿದರು. ಹಗಲು ರಾತ್ರಿ ಪಾಳಿಯಲ್ಲಿ ನೆಲದಡಿ ಇಳಿದು ಬಂದವರು ಭಾನುವಾರ ಕೂತು ಧರ್ಮದ ಭಾಷಣ ಕೇಳುತ್ತಿದ್ದರು. ಅಯೋತ್ತಿ ದಾಸರು 1907ರಲ್ಲಿ ಒಂದು ಪೈಸೆ ಬೆಲೆಗೆ ಶುರುಮಾಡಿದ 'ತಮಿಳನ್' ವಾರಪತ್ರಿಕೆಯನ್ನು, 1914ರಲ್ಲಿ ಅವರು ತೀರಿಕೊಂಡು ಅದು ನಿಂತುಹೋದ ಮೇಲೆ, ಮತ್ತೆ 1920ರ ದಶಕದಲ್ಲಿ ಎಬ್ಬಿಸಿ ನಿಲ್ಲಿಸಿದವರು ಕೆಜಿಎಫ್‌ನ ಅಪ್ಪಾದುರೈಯಾರ್. ಅಯೋತ್ತಿ ದಾಸರ ಬರಹಗಳು ಪುಸ್ತಕವಾಗಿ ಬಂದದ್ದೂ ಇಲ್ಲಿನ ಸಿದ್ಧಾರ್ಥ ಪುಸ್ತಕಶಾಲೆಯಿಂದ. ಯೋಚನೆ ಮಾಡಿ, ಗಣಿ ಕೂಲಿಗಳ ಊರು ಅದು, ತಟ್ಟಿ ಗೋಡೆಯ ಲೈನ್ ಮನೆಗಳು.

ಪತ್ರಿಕೆ, ಪುಸ್ತಕ ಹೇಗೋ ಉಳಿದವು. ಮನೆಗಳಲ್ಲಿ ಜೋಪಾನ ಮಾಡಿದವರಿದ್ದರು, ಆಮೇಲೆ ಸಂಶೋಧಕರು ಬಂದು ಸಂಪುಟ ಮಾಡಿದರು. ಆದರೆ ಆ ಜನ ಬೌದ್ಧರಾಗಿ ಬದುಕಿದ್ದು ಪುಸ್ತಕದಲ್ಲಿ ಅಲ್ಲವಲ್ಲ. ಪುರೋಹಿತರಿಲ್ಲದ ಮದುವೆಯಲ್ಲಿ ಹಿರಿಯರು ಏನು ಹೇಳಿಸುತ್ತಿದ್ದರು, ಮಗುವಿಗೆ ಹೆಸರಿಡುವಾಗ ಯಾವ ಹಾಡು, ಹೆಣದ ಮುಂದೆ ಯಾವ ಹಾಡು? ದೀಪಾವಳಿಗೆ ಎಣ್ಣೆ ಹಚ್ಚುವಾಗ ಅಜ್ಜಿ ಯಾವ ಕಥೆ ಹೇಳುತ್ತಿದ್ದಳು? ಎಳ್ಳಿನಿಂದ ಎಣ್ಣೆ ತೆಗೆಯುವುದನ್ನು ಬೌದ್ಧ ಭಿಕ್ಷುಗಳು ಕಂಡುಹಿಡಿದ ನೆನಪಿನ ಸ್ನಾನವೇ ದೀಪಾವಳಿ ಅಂತ ಅಯೋತ್ತಿ ದಾಸರು ಬರೆದಿದ್ದರು. ಇತಿಹಾಸಕಾರರು ಒಪ್ಪುತ್ತಾರೋ ಬಿಡುತ್ತಾರೋ, ಅದು ಬೇರೆ ಮಾತು. ನಮ್ಮ ಬೀದಿಯ ಒಬ್ಬ ಅಜ್ಜಿ ಮಾತ್ರ ಮೊಮ್ಮಗನ ತಲೆಗೆ ಎಣ್ಣೆ ತಟ್ಟುತ್ತಾ ಇದನ್ನೇ ಹೇಳುತ್ತಿದ್ದರು. ನರಕಾಸುರ ಅವರ ಮನೆಗೆ ಬರಲೇ ಇಲ್ಲ.

ಆ ಅಜ್ಜಿಯ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅವರ ಅಪ್ಪ ಕೈಯಲ್ಲಿ ಬರೆದದ್ದು, ಮೂಲೆಯೆಲ್ಲ ಎಣ್ಣೆ ಕುಡಿದು ಕಂದು ಬಣ್ಣ ಆಗಿತ್ತು. ಅರ್ಧ ತಮಿಳು ಹಾಡು, ಅರ್ಧ ಪಾಲಿ ವಂದನೆ, ಎರಡೂ ತಮಿಳು ಲಿಪಿಯಲ್ಲಿ. ಇಲ್ಲೇ ನನಗೆ ವಿಷಯ ಹೊಳೆದದ್ದು. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಪ, ಬ, ಭಗಳಿಗೂ ಹಾಗೇ. ಇದ್ದದ್ದನ್ನು ಇದ್ದ ಹಾಗೆ ಓದಿದರೆ 'ಪುತ್ತಂ ಸರಣಂ ಕಚ್ಚಾಮಿ' ಆಗುತ್ತೆ. ಅಜ್ಜಿ ಹಾಗೆ ಹೇಳುತ್ತಿರಲಿಲ್ಲ. 'ಬುದ್ದಂ ಸರಣಂ ಗಚ್ಚಾಮಿ' ಅಂತ, ಗಚ್ಚಾ ಅನ್ನುವಲ್ಲಿ ಸ್ವಲ್ಪ ಎಳೆದು, ಮೂರನೇ ಸಲ ಹೇಳುವಾಗ ಸ್ವರ ಇಳಿಸಿ ಹೇಳುತ್ತಿದ್ದರು. ಕಾಗದದ ಮೇಲೆ ಒಂದಿದೆ, ಬಾಯಲ್ಲಿ ಇನ್ನೊಂದಿದೆ. ಕಾಗದವನ್ನು ಎಷ್ಟು ಚೆನ್ನಾಗಿ ಸ್ಕ್ಯಾನ್ ಮಾಡಿದರೂ ಬಾಯಲ್ಲಿ ಇರೋದು ಅದರಲ್ಲಿ ಬರಲ್ಲ.

ನಾನು ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ನಮ್ಮ ಲಿಪಿಯಲ್ಲಿ ಬ, ಭ, ಗ, ಘ ಎಲ್ಲ ಇದೆಯಲ್ಲ, ಪಾಲಿಗೆ ಸಲೀಸು. ತಮಿಳು ಹಾಡಿಗೆ ಬಂದಾಗ ಮಾತ್ರ ತೊಡಕಾಯಿತು, ಹಳಗನ್ನಡ ಪಾಠದಲ್ಲಿ ಮಾತ್ರ ಹೇಳಿಕೊಡುತ್ತಿದ್ದ ೞ ಅಕ್ಷರವನ್ನು ಎಷ್ಟೋ ವರ್ಷದ ಮೇಲೆ ಹುಡುಕಿ ತೆಗೆದೆ. ಅಜ್ಜಿ ಅದನ್ನು 'ಳ' ಅಂತಲೇ ಅಂದು ನನ್ನ ಪಾಂಡಿತ್ಯ ವ್ಯರ್ಥ ಮಾಡಿದರು. ಗಣಿ ಲೈನಿನ ತಮಿಳು ಅದು, ಹಾಗೇ ಬರೆದೆ. ಮೊಬೈಲಲ್ಲೂ ರೆಕಾರ್ಡ್ ಮಾಡಿದೆ. ಎಂಟು ಹಾಡು ಆಯಿತು, ನಡುವೆ ಪಕ್ಕದ ಮನೆಯ ಕುಕ್ಕರ್ ಮೂರು ಸೀಟಿ, ಮೊಮ್ಮಗಳು ಚಾರ್ಜರ್ ಎಲ್ಲಿ ಅಂತ ಕೇಳಿದ್ದು ಎಲ್ಲ ಇದೆ. ಉಳಿದದ್ದು ಮುಂದಿನ ವಾರ ಅಂದುಕೊಂಡೆವು. ಮುಂದಿನ ವಾರ ಅವರು ಆಸ್ಪತ್ರೆಯಲ್ಲಿದ್ದರು, ಆಮೇಲೆ ಮನೆಗೆ ಬರಲಿಲ್ಲ.

ಆ ರೆಕಾರ್ಡಿಂಗ್ ಹಿಡಿದುಕೊಂಡು ಬೆಂಗಳೂರಿನ ಒಂದು ಕಚೇರಿಗೆ ಹೋಗಿದ್ದೆ. ಹೆಸರು ಬೇಡ. ಇದು ತಮಿಳಲ್ಲಿದೆಯಲ್ಲ ಸಾರ್, ಚೆನ್ನೈ ಕಡೆ ವಿಚಾರಿಸಿ ಅಂದರು. ಚೆನ್ನೈನ ಪರಿಚಯದವರೊಬ್ಬರಿಗೆ ಫೋನ್ ಮಾಡಿದರೆ, ಕೋಲಾರ ಕರ್ನಾಟಕದ್ದಲ್ವಾ, ಅಲ್ಲಿಯವರೇ ಮಾಡಬೇಕು ಅಂದರು. ಇಬ್ಬರೂ ಒಳ್ಳೆಯವರೇ, ಮರ್ಯಾದೆಯಿಂದ ಮಾತಾಡಿದರು. ಆದರೆ ಈ ಹಾಡು ಹುಟ್ಟಿದ್ದು ಕರ್ನಾಟಕದ ನೆಲದಲ್ಲಿ, ಅದೂ ನೆಲದಡಿ ಕೆಲಸ ಮಾಡಿದ ಜನರ ಬಾಯಲ್ಲಿ. ಮೈಸೂರು ಸಂಸ್ಥಾನ ಇವರ ಬೆವರಿನ ರಾಯಲ್ಟಿ ಎಣಿಸಿಕೊಂಡಾಗ ಯಾರೂ ಭಾಷೆ ಕೇಳಲಿಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲು ಬಂದದ್ದು ಇವರು ಅಗೆಯುತ್ತಿದ್ದ ಗಣಿಗೇ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಲ್ಲಿಂದ ಊರು ಬೆಳಗ್ಗೆ ಕತ್ತಲಲ್ಲೇ ಎದ್ದು ಮಾರಿಕುಪ್ಪಂ ಟ್ರೇನ್ ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮಲಗೋಕೆ ಮಾತ್ರ ವಾಪಸ್ ಬರುತ್ತೆ. ಹಾಡು ಕಲಿಯೋಕೆ ಯಾರಿಗೆ ಪುರುಸೊತ್ತು? ಮಕ್ಕಳನ್ನು ಬಯ್ಯೋ ಹಾಗಿಲ್ಲ. ಮದುವೆ ಈಗಲೂ ಬುದ್ಧನ ಪಟದ ಮುಂದೆಯೇ ಆಗುತ್ತೆ, ಆದರೆ ತ್ರಿಶರಣ, ಅದೇ 'ಬುದ್ದಂ ಸರಣಂ', ಸ್ಪೀಕರಿನಲ್ಲಿ ಬರುತ್ತೆ, ಯೂಟ್ಯೂಬಿನದು. ಅದು ಯಾವ ದೇಶದ್ದೋ, ಚೆನ್ನಾಗಿಯೇ ಇದೆ. ನಮ್ಮ ಅಜ್ಜಿಯ ಎಳೆತ ಅದರಲ್ಲಿಲ್ಲ, ಅಷ್ಟೆ.

ಬಾಯಿಂದ ಬಾಯಿಗೆ ಬಂದ ಇಂಥ ಪರಂಪರೆ ಉಳಿಸೋಕೆ ಅಂತಲೇ ಯುನೆಸ್ಕೊದ 2003ರ ಒಪ್ಪಂದ ಇದೆ, ಭಾರತ ಅದಕ್ಕೆ 2005ರಲ್ಲೇ ಸೇರಿದೆ. ಲಡಾಖಿನ ಬೌದ್ಧ ಪಠಣವನ್ನು 2012ರಲ್ಲಿ ಪಟ್ಟಿಗೆ ಸೇರಿಸಿದರು. ನಮಗೆ ಅಷ್ಟು ದೊಡ್ಡ ಪಟ್ಟಿ ಬೇಡ. ಕೋಲಾರದಲ್ಲೇ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದೆ, ಹಾವೇರಿ ಕಡೆ ಜಾನಪದ ವಿಶ್ವವಿದ್ಯಾಲಯ ಇದೆ, ಮೈಸೂರಿನಲ್ಲಿ ಭಾರತೀಯ ಭಾಷೆಗಳಿಗೇ ಅಂತ ಒಂದು ಕೇಂದ್ರ ಸಂಸ್ಥೆ ಇದೆ. ತಮಿಳು ಬಲ್ಲ ನಾಲ್ಕು ವಿದ್ಯಾರ್ಥಿಗಳನ್ನು ಒಂದು ಬೇಸಿಗೆ ಇಲ್ಲಿಗೆ ಕಳಿಸಿ. ಎಂಬತ್ತು ದಾಟಿದವರ ಮನೆಗೆ ಮೊದಲು ಹೋಗಲಿ. ಹಾಡಿನ ಜೊತೆ ಇದನ್ನು ಯಾವಾಗ ಹಾಡುತ್ತಿದ್ದರು, ಯಾರಿಂದ ಕಲಿತರು ಅಂತಲೂ ಕೇಳಲಿ, ಮರೆತು ತಡವರಿಸಿದ್ದನ್ನು ಕತ್ತರಿಸದೇ ಇಡಲಿ. ಮನೆಯವರ ಒಪ್ಪಿಗೆ ಇಲ್ಲದೆ ಏನನ್ನೂ ಒಯ್ಯಬಾರದು, ಒಂದು ಪ್ರತಿ ಆ ಮನೆಯಲ್ಲೇ ಇರಬೇಕು. ನೋಟ್‌ಬುಕ್ ತಗೊಂಡು ಹೋಗಿ ವಾಪಸ್ ಕೊಡದ ಸಂಶೋಧಕರ ಕಥೆ ಇಲ್ಲಿ ಕೇಳಿದ್ದೇನೆ, ಅದಕ್ಕೇ ಈಗ ಕೆಲವರು ಬಾಗಿಲು ತೆಗೆಯಲ್ಲ.

ಒಂದು ವಿನಂತಿ, ಇದನ್ನು ಕತ್ತರಿಸದೇ ಹಾಕಿ. ಅಜ್ಜಿಯ ನೋಟ್‌ಬುಕ್‌ನಲ್ಲಿ ಇನ್ನೂ ಹದಿಮೂರು ಹಾಡು ಇವೆ. ಪದ ಇದೆ, ಧಾಟಿ ಗೊತ್ತಿಲ್ಲ. ಒಂದು, ಸಿದ್ಧಾರ್ಥ ಅರಮನೆ ಬಿಡುವ ರಾತ್ರಿ ಯಶೋಧರೆ ಮಗುವನ್ನು ಮಲಗಿಸುವ ಜೋಗುಳ. ಕೆಜಿಎಫ್ ಬಿಟ್ಟು ಹೊಸೂರು, ವೆಲ್ಲೂರು, ಬೆಂಗಳೂರು ಎಲ್ಲೆಲ್ಲೋ ನೆಲೆಸಿದ ನಮ್ಮೂರಿನವರು ಈ ಪತ್ರಿಕೆ ಓದುತ್ತಾರೆ. ಅವರ ಮನೆಯಲ್ಲಿ ಯಾರಾದರೂ ಈ ಜೋಗುಳ ಹಾಡುತ್ತಿದ್ದರೆ ಪತ್ರಿಕೆ ಕಚೇರಿಗೆ ಒಂದು ಸಾಲು ಬರೆಯಲಿ. ನಾನೇ ಅಲ್ಲಿಗೆ ಬರುತ್ತೇನೆ.

ಇತಿ,
ನಿವೃತ್ತ ಕನ್ನಡ ಶಿಕ್ಷಕ
ರಾಬರ್ಟ್‌ಸನ್‌ಪೇಟೆ, ಕೆಜಿಎಫ್