ಗೆಳೆಯನಿಗೊಂದು ಪತ್ರ: ನಿಮ್ಮ ಬೀದೀಲೂ ಸಭೆ ಕೂಡ್ತೀರಾ?

ಲೋ ಹೊನ್ನಾಳಿ,

ನೀನು ಕಳಿಸಿದ ಪಿಪಿಟಿ ಪೂರ್ತಿ ನೋಡಿದೆ. ಒಂದೊಂದು ಸ್ಲೈಡಲ್ಲೂ ಕೈ ಎತ್ತಿ ನಗ್ತಿರೋ ಹೆಂಗಸರು. ಸಭೆಯಲ್ಲಿ ಕೂತ ಜನ ಅಷ್ಟೊಂದು ನಗೋದನ್ನ ನಾವಿಬ್ಬರೂ ಯಾವತ್ತಾದರೂ ಕಂಡಿದ್ವೇನೋ? ಮಂಡಕ್ಕಿ-ಮೆಣಸಿನಕಾಯಿ ಬಂದ ಹೊತ್ತು ಬಿಟ್ಟರೆ. ನೀನು ಕಂಪನಿಯ ಸಿಎಸ್‌ಆರ್ ಅನ್ನೋ, ಸಮಾಜದ ಕೆಲಸಕ್ಕೆ ದುಡ್ಡು ಕೊಡೋ ವಿಭಾಗಕ್ಕೆ ಸೇರಿದ ಮೇಲೆ ನಿನ್ನ ಹಳ್ಳಿಗಳಲ್ಲಿ ಬಿಸಿಲೂ ಕಮ್ಮಿ ಆದಂಗಿದೆ. ಕೊನೆಗೆ 'ಗುರುವೇ, ಈಗಲೂ ರಂಗೋಲಿ ಹಾಕಿಸ್ತಿದ್ದೀಯಾ?' ಅಂತ ಬೇರೆ ಕಿಚಾಯಿಸಿದ್ದೀಯ.

ಹಾಕಿಸ್ತಿದ್ದೀನಿ ಕಣೋ. ಉತ್ತರ ಎಲ್ಲರ ಎದುರಿಗೇ ಬರೀತಿದ್ದೀನಿ, ಯಾಕಂದ್ರೆ ನಿನಗೊಬ್ಬನಿಗೇ ಬರೆದರೆ ಒಂದು ಹೆಬ್ಬೆಟ್ಟು ಒತ್ತಿ ಕಳಿಸಿ ಸುಮ್ಮನಾಗ್ತೀಯ. ನಾಲ್ಕು ಜನ ನೋಡ್ತಿದ್ದರೆ ಮರ್ಯಾದೆಗಾದರೂ ಎರಡು ಸಾಲು ಬರೆದೀಯ. ಇದೂ ಒಂದು ಗ್ರಾಮಸಭೆ ಅಂದುಕೋ. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಮ್ಮಿಯೋ ಅಷ್ಟು ಸೇರಿದರೆ ಕೋರಂ. ನನ್ನ ಪೋಸ್ಟಿಗೆ ಅದೂ ಆಗಲ್ಲ. ಆದರೂ ನಡೆಸೋಣ, ರಿಜಿಸ್ಟರ್ ಮನೆಮನೆಗೆ ಹೊತ್ತು ಸಹಿ ಹಾಕಿಸ್ಕೊಂಡು ಬರೋದು ನಮಗೆ ಹೊಸದಲ್ಲವಲ್ಲ.

(ಉಳಿದವರಿಗೆ ಒಂದು ಮಾತು: ನಾವಿಬ್ಬರೂ ಮಳೆನೀರು ಇಂಗಿಸೋ ಸುಜಲ ಜಲಾನಯನ ಯೋಜನೆಯಲ್ಲಿ ಹಳ್ಳಿ ಸುತ್ತಿದವರು. 2001ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಶುರುವಾಗಿದ್ದು. ಗುಡಿ ಮುಂದೆ ನೆಲ ಸಾರಿಸಿ, ಊರಿನವರ ಕೈಯಿಂದಲೇ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸೋದು ನಮ್ಮ ಮೊದಲ ಕೆಲಸ. ಕೆರೆಗೆ ನೀಲಿ, ಹೊಲಕ್ಕೆ ಹಸಿರು, ಕಲ್ಲುಗುಡ್ಡಕ್ಕೆ ಇಟ್ಟಿಗೆ ಪುಡಿ. ಈ ಹೊನ್ನಾಳಿ ಒಂದು ಸಲ ಇಡೀ ಕೆರೆ ಮೇಲೆ ಕೂತುಬಿಟ್ಟಿದ್ದ. ಪ್ಯಾಂಟಿನ ಕಥೆ ಅವನನ್ನೇ ಕೇಳಿ.)

ಆ ನಕ್ಷೆಗಳನ್ನ ನಾನಿನ್ನೂ ಮರೆತಿಲ್ಲ. ಗಂಡಸರು ಬರೆದರೆ ದೇವಸ್ಥಾನ ಇಷ್ಟು ದೊಡ್ಡದು, ಕೆರೆ ಏರಿ ಇಷ್ಟುದ್ದ, ತೂಬು, ಕೋಡಿ ಎಲ್ಲ ಕರಾರುವಾಕ್ಕು. ಅದೇ ಊರನ್ನ ಹೆಂಗಸರು ಬರೆದರೆ ದೇವಸ್ಥಾನ ಒಂದು ಚುಕ್ಕಿ, ಸೌದೆ ತರೋ ಕಾಡು ದಾರಿ ಮಾತ್ರ ಮಾರುದ್ದ. ಹೊಸದುರ್ಗದ ಕಡೆ ಒಂದೂರಲ್ಲಿ ಕಾಲೊನಿ ಬರೆಯೋದನ್ನ ಕೊನೆಗೆ ಉಳಿಸಿಕೊಂಡು, ಅಷ್ಟೊತ್ತಿಗೆ ಪುಡಿ ಮುಗಿದು, ಅಲ್ಲಿನ ಹುಡುಗನೊಬ್ಬ ಜೇಬಿಂದ ಹುಣಸೆಬೀಜ ತೆಗೆದು ಒಂದೊಂದೇ ಮನೆ ಅಂತ ಜೋಡಿಸಿದ್ದ. ನೀನು ಫೋಟೋ ತೆಗೆದೆ. ವರದಿಯಲ್ಲಿ ಆ ಫೋಟೋ ಬಂತು, ಹುಣಸೆಬೀಜ ಯಾಕೆ ಅನ್ನೋದು ಬರಲಿಲ್ಲ.

ಆದರೂ ಅವತ್ತಿನ ಸಭೆಗಳಿಗೆ ಒಂದು ತೂಕ ಇತ್ತು. ಕೆಲಸ ದಿಣ್ಣೆಯಿಂದ ಶುರುವಾಗಿ ತಗ್ಗಿಗೆ ಇಳೀಬೇಕು. ದಿಣ್ಣೆ ಮೇಲಿನ ಕಲ್ಲುಹೊಲದೋನು ಬದು ಹಾಕಿಸ್ಕೊಂಡರೆ ಅವನ ಜಾಗ ಒಂದಿಷ್ಟು ಹೋಗುತ್ತೆ, ನೀರು ಇಂಗಿ ಕೆಳಗಿನೋನ ಬಾವಿಗೆ ಬರುತ್ತೆ. ಇದು ಇಬ್ಬರೂ ಕೂತು ಮಾತಾಡದೆ ಆಗೋ ಕೆಲಸವೇ ಅಲ್ಲ. ವಂತಿಗೆ ಎಷ್ಟು, ಕಲ್ಲು ಯಾರ ಗಾಡೀಲಿ, ಕೋಡಿ ಯಾರ ಹೊಲದ ಕಡೆಗೆ, ಎಲ್ಲದಕ್ಕೂ ಜಗಳ. ರಾತ್ರಿ ಹನ್ನೊಂದಾದರೂ ಯಾರೂ ಏಳ್ತಿರಲಿಲ್ಲ. ಜಗಳ ಆಡೋದಕ್ಕೆ ಏನೋ ಒಂದು ಅವರ ಕೈಯಲ್ಲಿತ್ತು.

ಈಗ ಮೊನ್ನಿನ ವಿಷಯಕ್ಕೆ ಬರ್ತೀನಿ. ಹಿರಿಯೂರು ಕಡೆಯ ಒಂದು ಹಳ್ಳಿ. ಊರ ಹೆಸರು ಬೇಡ. ಜಲಜೀವನ ಯೋಜನೆಯ ನಲ್ಲಿ ಬಂದಿದೆ, ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಅಂತಾರಲ್ಲ ಅದು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗೆ ತರಬೇತಿ ಕೊಡೋಕೆ ಅಂತ ನನ್ನನ್ನ ಕರೆದಿದ್ದರು. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಊರಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು. ನಾನು ಹೋಗೋ ಹೊತ್ತಿಗೆ ಪೈಪು ಬೀದಿಯಲ್ಲಿ ಹೂತಾಗಿತ್ತು, ಟ್ಯಾಂಕು ನಿಂತಾಗಿತ್ತು, ಗುತ್ತಿಗೆದಾರ ಊರು ಬಿಟ್ಟಾಗಿತ್ತು. ಟ್ಯಾಂಕ್ ಎಲ್ಲಿ ಕಟ್ಟಬೇಕು ಅಂತ ಊರನ್ನ ಕೇಳಿದ್ದು ಯಾರಿಗೂ ನೆನಪಿಲ್ಲ. ಮಿಕ್ಕಿದ್ದು ಸಹಭಾಗಿತ್ವ ಒಂದೇ, ಅದನ್ನ ನಾನು ಹೊತ್ತುಕೊಂಡು ಹೋಗಿದ್ದೆ.

ಕಿಟ್ ಬಿಚ್ಚಿದೆ. ಚಿತ್ರದುರ್ಗದ ಕಡೆ ಕುಡಿಯೋ ನೀರಲ್ಲಿ ಫ್ಲೋರೈಡ್ ಕಾಟ ಗೊತ್ತಲ್ಲ, ಅದರಿಂದಲೇ ಶುರು ಮಾಡಿದೆ. ಐವರಲ್ಲಿ ಒಬ್ಬಾಕೆ, ಐವತ್ತರ ಆಸುಪಾಸು ಇರಬಹುದು, ಗಾಜಿನ ನಳಿಕೆಗೆ ನೀರು ತುಂಬಿ, ಹನಿ ಎಣಿಸಿ ಬಿಟ್ಟು, ಬೆರಳಲ್ಲಿ ಬಾಯಿ ಮುಚ್ಚಿ ಅಲ್ಲಾಡಿಸಿ, ಬಾಗಿಲ ಬೆಳಕಿಗೆ ಹಿಡಿದಳು. ಬಣ್ಣದ ಚಾರ್ಟನ್ನ ಪಕ್ಕದಲ್ಲಿಟ್ಟು ಒಂದು ಕಣ್ಣು ಮುಚ್ಚಿ ನೋಡಿದಳು. ನಮ್ಮ ಕಾಲೇಜಿನ ಲ್ಯಾಬಲ್ಲಿ ನಾನು ಅಷ್ಟು ನಿಗಾ ಕೊಟ್ಟಿದ್ದರೆ ಇವತ್ತು ನಿನಗೆ ಪತ್ರ ಬರೀತಿರಲಿಲ್ಲ.

'ಬಣ್ಣ ತಿರುಗಿದ್ರೆ ಯಾರಿಗೆ ಹೇಳಾದು ಸಾರ್?'

'ಪಂಚಾಯ್ತಿಗೆ ಹೇಳಬೇಕಮ್ಮ, ಅವರು ಮೇಲಿನೋರಿಗೆ ಬರೀತಾರೆ.'

'ಅವ್ರು ಬರ್ನಿಲ್ಲ ಅಂದ್ರೆ?'

'ಸಭೆಯಲ್ಲಿ ಕೇಳಬೇಕು. ಅದಕ್ಕೇ ಸಮಿತಿ ಇರೋದು. ನಿಮ್ಮ ನೀರು, ನಿಮ್ಮ ಹೊಣೆ.'

ಆಯಮ್ಮ ನಳಿಕೆಯನ್ನ ಡಬ್ಬಿಯೊಳಗೆ ಹುಷಾರಾಗಿ ಇಟ್ಟು, ಕೈಯನ್ನ ಸೆರಗಿಗೆ ಒರೆಸಿಕೊಂಡು, ಒಂಚೂರೂ ವ್ಯಂಗ್ಯ ಇಲ್ಲದೆ ಕೇಳಿದಳು: 'ನಿಮ್ ಮನೆ ನಲ್ಲೀಲಿ ನೀರ್ ಬರಾಕೂ ನೀವು ಹಿಂಗೇ ಸಭೆ ಕೂಡ್ತೀರೇನ್ ಸಾರ್? ನಿಮ್ ಬೀದೇಲೂ?'

ಪಂಚಾಯ್ತಿ ಅಧಿಕಾರಿ ಪಿಡಿಒ ನಕ್ಕರು. ನಾನೂ ನಕ್ಕೆ. ಆಮೇಲೆ ಬಸ್ಸಲ್ಲಿ ದಾವಣಗೆರೆ ಬರೋ ತನಕ ನಗು ಬರಲಿಲ್ಲ.

ಲೆಕ್ಕ ಹಾಕು. ಶೇಂಗಾ ಕಳೆ ಕೀಳೋ ಸಮಯ. ಆಕೆ ಆ ದಿನದ ಕೂಲಿ ಬಿಟ್ಟು ಬಂದಿದ್ದಳು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗಿದ್ದರೂ 2025ರ ದರದಲ್ಲಿ 370 ರೂಪಾಯಿ. ಅದೇ ದಿನಕ್ಕೆ ನನಗೆ ಕೊಟ್ಟ ಗೌರವಧನ ಎಷ್ಟು ಅಂತ ಇಲ್ಲಿ ಬರೆಯಲ್ಲ, ನೀನೂ ಕಾಮೆಂಟಲ್ಲಿ ಬರೀಬೇಡ. ಹಳ್ಳಿಯ ನಲ್ಲಿಗೆ ದಿನಕ್ಕೆ ತಲೆಗೆ 55 ಲೀಟರ್ ಲೆಕ್ಕ, ಅದಕ್ಕೆ ಊರೊಳಗಿನ ಕಾಮಗಾರಿ ಖರ್ಚಿನಲ್ಲಿ ಶೇ. 10ರಷ್ಟು ಸಮುದಾಯದ ವಂತಿಗೆ, ಬೆಟ್ಟಗುಡ್ಡದ ಊರಾದರೆ ಅಥವಾ ಪರಿಶಿಷ್ಟರೇ ಹೆಚ್ಚಿರೋ ಊರಾದರೆ ಶೇ. 5. ಅದರ ಮೇಲೆ ಸಮಿತಿ, ಸಭೆ, ಕಿಟ್ಟು, ಶ್ರಮದಾನ. ನಗರಕ್ಕೆ ಯೋಜನೆ ಮಾಡುವಾಗ ತಲೆಗೆ 135 ಲೀಟರ್ ಹಿಡೀತಾರೆ. ನಮ್ಮ ಮನೆಗೆ ನೀರು ಬಿಡೋ ದಿನ ಸಂಪು ತುಂಬುತ್ತೆ. 'ನಿಮ್ಮ ನೀರು, ನಿಮ್ಮ ಹೊಣೆ' ಅಂತ ಹೇಳಿಕೊಂಡು ಇದುವರೆಗೂ ಒಬ್ಬ ನರಪಿಳ್ಳೆ ನಮ್ಮ ಗೇಟು ತಟ್ಟಿಲ್ಲ.

ಹಾಗಂತ ಕಾನೂನು ನಮ್ಮನ್ನ ಬಿಟ್ಟಿಲ್ಲ ನೋಡು. ಸಂವಿಧಾನದ 74ನೇ ತಿದ್ದುಪಡಿ ಪ್ರಕಾರ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಊರಿಗೆ ವಾರ್ಡ್ ಸಮಿತಿಗಳು ಇರಬೇಕು. ದಾವಣಗೆರೆ ಆ ಗೆರೆ ದಾಟಿ ಯಾವ ಕಾಲವಾಯ್ತು. ನಮ್ಮ ವಾರ್ಡಿನಲ್ಲಿ ಯಾರು ಸಮಿತಿ, ಯಾವಾಗ ಸಭೆ ಅಂತ ಕೇಳಬೇಕು ಅಂತಲೇ ನನಗೆ ಅನ್ನಿಸಿಲ್ಲ. ಯಾಕೆ ಅನ್ನಿಸಬೇಕು? ನೀರು ಬಂತಲ್ಲ. ಬೇಡ ಅಂತ ಸುಮ್ಮನಿರೋ ಅನುಕೂಲ ನನಗಿದೆ. ಆಯಮ್ಮನಿಗಿಲ್ಲ. ಸಭೆಗೆ ಬರದಿದ್ದರೆ 'ಜನರ ಸಹಕಾರ ಇಲ್ಲ' ಅಂತ ಬರೆಯೋದು ನಾವೇ ಅಲ್ಲವೇನೋ?

ಎಂಬತ್ತರ ದಶಕದಲ್ಲಿ ನಮ್ಮ ಪಂಚಾಯ್ತಿ ಮಂತ್ರಿಯಾಗಿದ್ದ ನಜೀರ್ ಸಾಬರನ್ನ ನೆನೆಸಿಕೊಂಡೆ. ಊರೂರಿಗೆ ಕೊಳವೆಬಾವಿ ಕೊರೆಸಿ 'ನೀರ್‌ಸಾಬ್' ಅನ್ನಿಸಿಕೊಂಡ ಮನುಷ್ಯನೇ 1983ರ ಪಂಚಾಯ್ತಿ ಕಾಯ್ದೆ ತಂದಿದ್ದು, 1987ರಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯ್ತಿ ಬಂದಾಗ ಅದರಲ್ಲಿ ಹೆಂಗಸರಿಗೆ ಕಾಲು ಭಾಗ ಮೀಸಲು. ನೀರನ್ನೂ ಕೊಟ್ಟರು, ಅಧಿಕಾರವನ್ನೂ ಕೊಟ್ಟರು. ಒಂದನ್ನ ಕೊಟ್ಟು ಇನ್ನೊಂದಕ್ಕೆ ಹಾಜರಿ ಕೇಳಲಿಲ್ಲ ಅಂತ ನನ್ನ ಓದು, ತಪ್ಪಿದ್ದರೆ ಹಳಬರು ತಿದ್ದಲಿ. ಕೇರಳದೋರು 1996ರಲ್ಲಿ ಜನತಾ ಯೋಜನೆ ಅಂತ ಮಾಡಿದಾಗ ರಾಜ್ಯದ ಯೋಜನಾ ಹಣದಲ್ಲಿ ಶೇ. 35-40ರಷ್ಟನ್ನ ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟು, ಆಮೇಲೆ ಜನರನ್ನ ಸಭೆಗೆ ಕರೆದರು. ಮೊದಲು ದುಡ್ಡು, ಆಮೇಲೆ ಮಾತು. ನಮ್ಮ ತರಬೇತಿಗಳಲ್ಲಿ ಮೊದಲು ಮಾತು, ಆಮೇಲೆ ಊಟ, ಆಮೇಲೆ ಗ್ರೂಪ್ ಫೋಟೋ.

ಪೂರ್ತಿ ದಂಡ ಅಂತ ನಾನು ಹೇಳ್ತಿಲ್ಲ. ಸ್ವಸಹಾಯ ಸಂಘದಲ್ಲಿ ವಾರಕ್ಕೆ ಹತ್ತು ರೂಪಾಯಿ ಕಟ್ಟಿ, ಪುಸ್ತಕ ಬರೆಯೋಕೆ ಕಲಿತ ಹೆಂಗಸರು ಪಂಚಾಯ್ತಿಗೆ ಬಂದು 'ಕ್ರಿಯಾಯೋಜನೆ ಯಾರು ಕೂತು ಮಾಡಿದ್ದು, ನಡಾವಳಿ ಪುಸ್ತಕ ತೆಗೀರಿ' ಅಂತ ಕೇಳಿದ್ದನ್ನ ಕಣ್ಣಾರೆ ನೋಡಿದ್ದೀನಿ. ಆ ದಿನ ಕಾರ್ಯದರ್ಶಿಯ ಬೀರು ಕೀ ಸಿಗೋದಕ್ಕೆ ಅರ್ಧ ಗಂಟೆ ಹಿಡೀತು. ಆದರೆ ಅದನ್ನ ಯಾವ ತರಬೇತಿ ಕಲಿಸಿತು ಹೇಳು? ಸ್ವಂತ ದುಡ್ಡಿನ ಲೆಕ್ಕ ಇಟ್ಟವರಿಗೆ ಸರ್ಕಾರದ ದುಡ್ಡಿನ ಲೆಕ್ಕ ಕೇಳೋ ಬಾಯಿ ಬಂತು. ನನ್ನ ಚಾರ್ಟು, ಸ್ಕೆಚ್‌ಪೆನ್ನು ಎಲ್ಲ ಅದರ ಆಮೇಲಿನ ಮಾತು.

ಈಗ ನಿನಗೆ ಮಾತ್ರ ಹೇಳಬೇಕಾದ್ದನ್ನ ಇವರೆಲ್ಲರ ಮುಂದೆ ಹೇಳಿಬಿಡ್ತೀನಿ. ನನಗೆ ಈ ಕೆಲಸ ಬಿಡೋಕಾಗ್ತಿಲ್ಲ, ಅದು ಸಂಬಳಕ್ಕೆ ಅಲ್ಲ. ನಮ್ಮ ಬೀದಿಯಲ್ಲಿ ಎದುರು ಮನೆಯೋರ ಹೆಸರು ನನಗೆ ಗೊತ್ತಾಗಿದ್ದು ಕೊರಿಯರ್ ಹುಡುಗನ ಬಾಯಲ್ಲಿ. ಹಳ್ಳಿಗೆ ಹೋದರೆ ಯಾವಳೋ ಅಜ್ಜಿ 'ಉಂಡ್ಯೇನಪ್ಪ' ಅಂತಾಳೆ, ಒಂದು ದಿನದ ಮಟ್ಟಿಗೆ ನಾನೂ ಒಂದೂರಿನೋನು. ನನ್ನ ಊರಲ್ಲಿ ನನಗೆ ಅಷ್ಟೂ ಇಲ್ಲ ಕಣೋ. ಅಮ್ಮ ಹೋದ ಮೇಲೆ ಪಾಲುಪಟ್ಟಿಗೆ ಅಂತ ಕರೆದಿದ್ದರು. ಪಂಚರು ಜಗಲಿ ಮೇಲೆ ಕೂತಿದ್ದರು, ಅಣ್ಣ ಕಂಬಕ್ಕೊರಗಿ ನಿಂತಿದ್ದ. 'ನಿನಗೇನು ಬೇಕು, ಬಾಯಿಬಿಟ್ಟು ಹೇಳಪ್ಪ' ಅಂದರು. ಊರೂರಿಗೆ ಹೋಗಿ 'ಬಾಯಿಬಿಡಿ, ಇದು ನಿಮ್ಮ ಹಕ್ಕು' ಅಂತ ಹೇಳಿ ಬದುಕಿದೋನು, ತೋರಿಸಿದ ಕಡೆ ಸಹಿ ಹಾಕಿ ಎದ್ದು ಬಂದೆ. ಜಮೀನು ಬೇಕಾಗಿರಲಿಲ್ಲ. ಅಣ್ಣನ ಜೊತೆ ಜಗಳ ಆಡಬೇಕಿತ್ತು. ರಾತ್ರಿ ಹನ್ನೊಂದರ ತನಕ ಆ ಹೊಲದೋರು ಆಡ್ತಿದ್ದಂಥ ಜಗಳ. ಅದಾದ ಮೇಲೆ ನಾವು ಮಾತಾಡಿಲ್ಲ, ಈಗ ಜಗಳಕ್ಕೂ ನೆಪ ಉಳಿದಿಲ್ಲ.

ಅಯ್ಯೋ, ಇದೇನು ಬರೆದೆ. ಅತ್ತಿಗೆ ಫೇಸ್‌ಬುಕ್ಕಲ್ಲಿದ್ದಾರೆ. ನೋಡಿದ್ದರೆ ನಮಸ್ಕಾರ ಅತ್ತಿಗೆ, ಉಪ್ಪಿನಕಾಯಿ ತಲುಪಿತು, ಕಳಿಸಿದ್ದು ಯಾರು ಅಂತ ನನಗೆ ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳೋಣ.

ಸರಿ ಬಿಡು. ನನ್ನನ್ನ ಸಮಾಧಾನ ಮಾಡೋಕೆ ಫೋನ್ ಮಾಡಬೇಡ, ನಿನ್ನ ಸಮಾಧಾನದ ಮಾತು ನಿನ್ನ ಪಿಪಿಟಿ ಥರಾನೇ ಇರುತ್ತೆ. ಒಂದು ಸಹಾಯ ಮಾಡು. ತರಬೇತಿ ವರದಿ ನಾಳೆ ಕಳಿಸಬೇಕು, ಅದರಲ್ಲಿ 'ಸಮುದಾಯದ ಪ್ರತಿಕ್ರಿಯೆ' ಅಂತ ಒಂದು ಕಾಲಂ ಇದೆ. ಆಯಮ್ಮನ ಪ್ರಶ್ನೆಯನ್ನ ಇದ್ದಂಗೇ ಹಾಕಿದರೆ ಮುಂದಿನ ಕಂತು ಬರುತ್ತೋ ಇಲ್ಲವೋ, ದುಡ್ಡು ಕೊಡೋ ಕಡೆ ಕೂತಿರೋನು ನೀನೇ ಹೇಳು. ಸದ್ಯಕ್ಕೆ 'ಸದಸ್ಯರು ಚರ್ಚೆಯಲ್ಲಿ ಉತ್ಸಾಹದಿಂದ ಪಾಲ್ಗೊಂಡರು' ಅಂತ ಬರೆದಿಟ್ಟಿದ್ದೀನಿ. ಗ್ರೂಪ್ ಫೋಟೋದಲ್ಲಿ ಆಯಮ್ಮ ನಗ್ತಿದ್ದಾಳೆ, ಬೇಕಾದರೆ ನಿನ್ನ ಸ್ಲೈಡಿಗೆ ತಗೋ.

ಮತ್ತೆ, ನಮ್ಮಿಬ್ಬರಿಗೇ ಗೊತ್ತಿರೋ ಆ ಹನ್ನೊಂದನೇ ಕೋಳಿಯ ದುಡ್ಡು ನಿನ್ನ ಲೆಕ್ಕಕ್ಕೇ ಇದೆ. ಬಡ್ಡಿ ಹಾಕ್ತಿಲ್ಲ ಅಂತ ಮರೀಬೇಡ.

ನಿನ್ನ,
ಕೋರಂ ಇಲ್ಲದ ಅಧ್ಯಕ್ಷ