ತೊಗರಿ ವಿಮೆಯ ಲೆಕ್ಕ ಸರಿ ಮಾಡಿಸಿ: ಕೃಷಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ,

ನಮಸ್ಕಾರ. ನಾನು ಜೇವರ್ಗಿ ಕಡೆಯ ತೊಗರಿ ಬೆಳೆಗಾರ. ಪರಿಹಾರ ಜಾಸ್ತಿ ಮಾಡಿ ಅಂತ ಕೇಳೋಕೆ ಬರೆಯುತ್ತಿಲ್ಲ, ಅದನ್ನು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಬೆಳೆ ವಿಮೆಯೊಳಗಿನ ಒಂದು ಲೆಕ್ಕದ ಬಗ್ಗೆ ಹೇಳಬೇಕಿತ್ತು.

2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ಹಸಿರು ಗಿಡ ನಿಂತಲ್ಲೇ ಒಣಗಿತು. 2023ರಲ್ಲಿ ಬರ, ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. 2025ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಳೆ ಬಿಡಲೇ ಇಲ್ಲ. ಮೇಲಿಂದ ಭೀಮಾ ಉಕ್ಕಿ ಬಂತು.

ತೊಗರಿಯ ಬೇರು ಆಳಕ್ಕೆ ಇಳಿಯುತ್ತದೆ. ಹಾಗಾಗಿ ಮಳೆ ಸ್ವಲ್ಪ ಕಡಿಮೆಯಾದರೂ ತಡೆದುಕೊಳ್ಳುತ್ತದೆ. ನಿಂತ ನೀರನ್ನು ಮಾತ್ರ ತಡೆಯುವುದಿಲ್ಲ. ನಮ್ಮದು ಎರೆ ಮಣ್ಣು, ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಎಲೆ ಹಳದಿಯಾದ ಗಿಡವನ್ನು ಕಿತ್ತು ನೋಡಿ: ಬೇರು ಕಪ್ಪಾಗಿರುತ್ತದೆ, ಎಳೆದರೆ ಸಿಪ್ಪೆ ಕೈಗೇ ಬರುತ್ತದೆ. ಅದರಲ್ಲೂ ಬದುಕಿದ ಗಿಡಕ್ಕೆ ಹೂವಿನ ಹೊತ್ತಲ್ಲಿ ಮೋಡ, ಮಂಜು ಕವಿದರೆ ಹೂವು ಉದುರುತ್ತದೆ. ಹಿಂದೆಯೇ ಕಾಯಿಕೊರಕ. ವರ್ಷದ ಮಳೆ ವಾಡಿಕೆಯಷ್ಟೇ ಬಿದ್ದಿದ್ದರೂ ರಾಶಿ ಮಾಡುವಾಗ ಚೀಲ ತುಂಬುವುದಿಲ್ಲ. ಮಳೆ ಎಷ್ಟು ಬಿತ್ತು ಅನ್ನೋದಕ್ಕಿಂತ ಯಾವ ವಾರ ಬಿತ್ತು ಅನ್ನೋದೇ ಮುಖ್ಯ.

ಈಗ ವಿಮೆಗೆ ಬರೋಣ. ಫಸಲ್ ಬಿಮಾ ಯೋಜನೆಯಲ್ಲಿ ನಮ್ಮ ಪಂಚಾಯಿತಿಯ ಹಿಂದಿನ 7 ವರ್ಷದ ಇಳುವರಿ ತೆಗೆದುಕೊಂಡು, ಅದರಲ್ಲಿ ಚೆನ್ನಾಗಿ ಬಂದ 5 ವರ್ಷದ ಸರಾಸರಿ ಹಾಕುತ್ತಾರೆ. ಅಂದರೆ ಎರಡು ಕೆಟ್ಟ ವರ್ಷ ಬಿಟ್ಟುಹೋಗುತ್ತವೆ. ಏಳರಲ್ಲಿ ಎರಡೇ ಕೆಡುತ್ತಿದ್ದ ಕಾಲಕ್ಕೆ ಅದು ಸರಿ. ಆದರೆ ಮೇಲೆ ಹೇಳಿದವು ನಾಲ್ಕೇ ವರ್ಷದೊಳಗಿನ ಮೂರು ಪೆಟ್ಟು ಅಲ್ವಾ?

ಒಂದು ಊರಲ್ಲಿ ಎಕರೆಗೆ 5 ಕ್ವಿಂಟಲ್ ಬರುತ್ತಿತ್ತು ಅಂದುಕೊಳ್ಳಿ. ಎರಡು ಕೆಟ್ಟ ವರ್ಷ ಕೈಬಿಟ್ಟ ಮೇಲೂ 2 ಕ್ವಿಂಟಲ್ ಬಂದ ಮೂರನೇ ಕೆಟ್ಟ ವರ್ಷ ಲೆಕ್ಕದಲ್ಲೇ ಉಳಿಯುತ್ತದೆ. ಸರಾಸರಿ 4.4ಕ್ಕೆ ಇಳಿಯುತ್ತದೆ. ಅದರ ಶೇ 80 ಖಾತರಿ ಇಳುವರಿ ಅಂದುಕೊಂಡರೆ ಸುಮಾರು ಮೂರೂವರೆ ಕ್ವಿಂಟಲ್; ಇಳುವರಿ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಪರಿಹಾರ. ಇಳುವರಿ ಅಳೆಯಲು ಕೆಲವು ಹೊಲದಲ್ಲಿ ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗದಲ್ಲಿ 3.6 ಬಂತು ಅಂದರೆ ಮುಗೀತು, ವಿಮೆ ಇಲ್ಲ. ಹಳೇ ಸರಾಸರಿ ಇದ್ದಿದ್ದರೆ ಅದೇ ರೈತನಿಗೆ ಸ್ವಲ್ಪವಾದರೂ ಸಿಗುತ್ತಿತ್ತು. ಇದರ ಜೊತೆಗೆ ಇನ್ನೊಂದು ವಿಚಿತ್ರ: ಖಾತರಿಯ ಮಟ್ಟ ಶೇ 70, 80, 90 ಅಂತ ಮೂರಿವೆ, ಅಪಾಯ ಜಾಸ್ತಿ ಇರುವ ಕಡೆ ಕಡಿಮೆ ಮಟ್ಟ! ಮಳೆ ನಂಬಿದವನಿಗೇ ಛತ್ರಿ ಚಿಕ್ಕದು.

ಇದು ಬರೀ ರೈತರ ಗೋಳಲ್ಲ. ಪಡಿತರದಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ತೊಗರಿ ಬೇಳೆ ಇರುವ ಇಂದಿರಾ ಕಿಟ್ ಕೊಡಲು ನಿಮ್ಮ ಸಂಪುಟವೇ 2025ರ ಅಕ್ಟೋಬರ್‌ನಲ್ಲಿ ಒಪ್ಪಿದೆ. ಒಳ್ಳೇ ಕೆಲಸ. ಬಡವರ ಮನೆಯಲ್ಲಿ ಮೊದಲು ತೆಳ್ಳಗಾಗೋದು ಬೇಳೆ ಸಾರೇ. ಆದರೆ ನಾವು ತೊಗರಿ ಬಿಟ್ಟು ಹತ್ತಿ, ಕಬ್ಬಿಗೆ ಹೊರಳಿದರೆ ಆ ಬೇಳೆ ಎಲ್ಲಿಂದ ತರುತ್ತೀರಿ? ಮೊಜಾಂಬಿಕ್, ಮ್ಯಾನ್ಮಾರ್‌ನಿಂದ ದೇಶ ಈಗಾಗಲೇ ತರಿಸುತ್ತಿದೆ.

ನಿಯಮ ಕೇಂದ್ರದ್ದು, ಗೊತ್ತು. ಆದರೂ ಸರ್ಕಾರವೇ ಬರ, ಅತಿವೃಷ್ಟಿ ಅಂತ ಒಪ್ಪಿಕೊಂಡ ವರ್ಷಗಳನ್ನೆಲ್ಲ ಸರಾಸರಿಯಿಂದ ತೆಗೆಯಿರಿ ಅಂತ ದೆಹಲಿಗೆ ಬರೆಯಬಹುದು, ಒತ್ತಾಯವನ್ನೂ ಮಾಡಬಹುದು. ನಿಮ್ಮ ಕೈಯಲ್ಲೇ ಇರುವ ಕೆಲಸವೂ ಒಂದಿದೆ. ಪ್ರತಿ ಪಂಚಾಯಿತಿಯ ತೊಗರಿ ಖಾತರಿ ಇಳುವರಿ ಎಷ್ಟು, ಯಾವ 5 ವರ್ಷ ಹಿಡಿದಿದ್ದಾರೆ ಅನ್ನೋದನ್ನು ವಿಮೆ ಕಟ್ಟುವ ಮುಂಚೆಯೇ ಪಂಚಾಯಿತಿ ಗೋಡೆ ಮೇಲೆ ಕನ್ನಡದಲ್ಲಿ ಬರೆಸಿ. ನೋಡಿಕೊಂಡು ಕಟ್ಟುವುದೋ ಬಿಡುವುದೋ ನಾವು ತೀರ್ಮಾನ ಮಾಡುತ್ತೇವೆ.

ಮುಂಗಾರು ವಿಮೆಯ ಅಧಿಸೂಚನೆ ಹೊರಡುವ ಮುಂಚೆ ಈ ಬಗ್ಗೆ ಒಂದು ಸಭೆ ಕರೆಯಿರಿ. ಬೆಂಗಳೂರಲ್ಲಿ ಬೇಡ, ಕಲಬುರಗಿಯಲ್ಲೇ ಇಟ್ಟುಕೊಳ್ಳಿ. ವಿಮಾ ಕಂಪನಿಯವರೂ ಬರಲಿ.

ಇಂತಿ,
ಜೇವರ್ಗಿ ತಾಲ್ಲೂಕಿನ ಒಬ್ಬ ತೊಗರಿ ಬೆಳೆಗಾರ